ಹಿರೋಡೆಯ ಕುಲುಮೆಯವರಿಗೆ ಫ್ರೆಂಚ್ ಲಿಂಗ ವಚನ ಕಲಿಸಿದ ಬಾಬತ್ತು

ಓದುವವರ ಸಮ್ಮುಖಕ್ಕೆ ಅರಿಕೆ ಏನೆಂದರೆ, ಇದುವರೆಗೆ ನನ್ನ ಕೈಯಿಂದ ಹೊರಟ ಕಾಗದಗಳೆಲ್ಲ ಮೇಲಿನವರ ಮಾತನ್ನು ಕೆಳಗಿನವರಿಗೂ ಕೆಳಗಿನವರ ಗೋಳನ್ನು ಮೇಲಿನವರಿಗೂ ಸಾಗಿಸಿದವು. ನನ್ನದೇ ಒಂದು ಸಂಗತಿಯನ್ನು ಬರೆಯುತ್ತಿರುವುದು ಇದೇ ಮೊದಲು. ಕ್ರಮ ತಪ್ಪಿದ್ದಲ್ಲಿ ಮನ್ನಿಸತಕ್ಕದ್ದು. ಸಂಗತಿ ಹೀಗಿದೆ: ಮರದ ತುಂಡಿಗೂ ಕಬ್ಬಿಣದ ಮೊಳೆಗೂ ಗಂಡು ಹೆಣ್ಣೆಂಬ ಭೇದವನ್ನು ಹೊರಿಸಿರುವ ಒಂದು ಭಾಷೆಯನ್ನು, ಅಕ್ಷರವೇ ಬಾರದ ಒಂದು ಕಮ್ಮಾರ ಸಂಸಾರಕ್ಕೆ ನಾನು ನಲವತ್ತೆಂಟು ದಿನಗಳಲ್ಲಿ ಕಲಿಸಬೇಕಾಗಿ ಬಂದಿತು.

ಇಂಗ್ಲಿಷರು ಶ್ರೀರಂಗಪಟ್ಟಣದ ಕೋಟೆಯವರೆಗೆ ಬಂದು ಹಿಂತಿರುಗಿದ ಮೇಲೆ ಸರ್ಕಾರದ ಕಾರ್ಖಾನೆಗಳಿಗೆ ಬಿಡುವೆಂಬುದು ಇರಲಿಲ್ಲ. ಫ್ರೆಂಚರ ದಂಡು ಬೀಡುಬಿಟ್ಟಿದ್ದ ಹಿರೋಡೆಯಲ್ಲಿ, ದೊಡ್ಡ ಬಂಡೆಗಳ ಬುಡದಲ್ಲಿ, ಬಂಡಿ ಮತ್ತು ತೋಪುಗಾಡಿಗಳ ಕಬ್ಬಿಣದ ಕೆಲಸಕ್ಕೆಂದು ಮೂರು ಕುಲುಮೆಗಳನ್ನು ಹೂಡಲಾಗಿತ್ತು. ಅವುಗಳ ಮೇಲೆ ಒಬ್ಬ ಫ್ರೆಂಚ್ ಮೇಸ್ತ್ರಿ. ಅವನ ಮಾತನ್ನು ತಿರುಗಿಸಿ ಹೇಳಲು ಪುದುಚೇರಿಯಿಂದ ಬಂದ ಒಬ್ಬ ದುಭಾಷಿ. ಇವರೆಲ್ಲರ ಮೇಲೆ, ಶ್ರೀರಂಗಪಟ್ಟಣದ ಕಚೇರಿಯಲ್ಲಿ ಕೂತ ದಾರೋಗ ಸಾಹೇಬರು. ನಾನು ಅತ್ತಿಗುಪ್ಪೆಯ ಶಾನುಭೋಗರ ಮನೆಯವನು. ಕುಲುಮೆಗಳ ಕನ್ನಡ ಬರವಣಿಗೆ ನನ್ನ ಪಾಲಿಗೆ ಬಂದಿತ್ತು.

ಮೇಸ್ತ್ರಿ ತನ್ನ ಕೆಲಸ ಬಲ್ಲವನು. ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಬಂಡಿಯ ಅಚ್ಚು ಎಲ್ಲಿ ಬಾಗಿದೆಯೆಂಬುದನ್ನು ಬರಿಗಣ್ಣಿನಲ್ಲೇ ಹೇಳಬಲ್ಲನು. ಆದರೆ ಕಸಬು ದೊಡ್ಡದಾದ ಮಾತ್ರಕ್ಕೆ ಮನುಷ್ಯ ದೊಡ್ಡವನಾಗಬೇಕೆಂಬ ಕಟ್ಟಳೆ ಇಲ್ಲ. ಆ ಭಾಷೆಯಲ್ಲಿ ಪ್ರತಿ ವಸ್ತುವಿನ ಹೆಸರಿನ ಮುಂದೆಯೂ ಒಂದು ಗುರುತಿನ ಮಾತು ಬರುತ್ತದೆ. ಗಂಡಾದರೆ 'ಲ', ಹೆಣ್ಣಾದರೆ 'ಲಾ', ಒಂದಕ್ಕಿಂತ ಹೆಚ್ಚಾದರೆ ಎರಡಕ್ಕೂ 'ಲೇ'. ನಮ್ಮ ಕೆಲಸಗಾರರು ಇದನ್ನು ಹಿಂದುಮುಂದು ಮಾಡಿ ಏನನ್ನಾದರೂ ಕೇಳಿದರೆ ಮೇಸ್ತ್ರಿಯು ಉತ್ತರ ಕೊಡದೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದನು. ಒಂದು ದಿನ ಮೂರನೆಯ ಕುಲುಮೆಯ ಯಜಮಾನ, ನಾಗಮಂಗಲದ ಕಮ್ಮಾರ, 'ಲಾ ಮಾರ್ತೊ' ಎಂದು ಸುತ್ತಿಗೆ ಕೇಳಿದನು. ಆ ಭಾಷೆಯಲ್ಲಿ ಸುತ್ತಿಗೆ ಗಂಡು. 'ಲ ಮಾರ್ತೊ' ಎನ್ನಬೇಕಾಗಿತ್ತು. ಮೇಸ್ತ್ರಿಯ ಬೆನ್ನನ್ನು ನೋಡುತ್ತ ನಿಂತಷ್ಟು ಹೊತ್ತಿನಲ್ಲಿ ಚಕ್ರಕ್ಕೆ ತೊಡಿಸಬೇಕಾದ ಕಬ್ಬಿಣದ ಪಟ್ಟಿ ಆರಿತು. ಮತ್ತೆ ಕಾಯಿಸಿ ಬಗ್ಗಿಸಿದಾಗ ಸೀಳಿತು. ಸೀಳಿದ್ದಕ್ಕೆ ಕಮ್ಮಾರನ ಅಜ್ಞಾನವೇ ಕಾರಣವೆಂದು ಮೇಸ್ತ್ರಿ ದೂರು ಬರೆದನು. ನಮ್ಮ ದಾರೋಗ ಸಾಹೇಬರೋ, ಫ್ರೆಂಚರ ದೂರನ್ನು ಅರಗಿನ ಮುದ್ರೆ ಒಡೆಯುವ ಮೊದಲೇ ಒಪ್ಪಿಬಿಡುವವರು.

ದೂರು ಹೋದ ಎಂಟನೆಯ ದಿನ ಅಪ್ಪಣೆ ಹೊರಟಿತು. ಅದರ ಪ್ರತಿಗಳನ್ನು ಮಾಡಿದವನು ನಾನೇ ಆದುದರಿಂದ ಅದರ ಒಕ್ಕಣೆ ನನಗೆ ಬಾಯಿಪಾಠ. ಪ್ರತಿ ಕುಲುಮೆಯ ಯಜಮಾನನು ನಲವತ್ತೆಂಟು ದಿನಗಳ ಒಂದು ಮಂಡಲದೊಳಗಾಗಿ ಕೆಲಸದ ಅರವತ್ತು ವಸ್ತುಗಳ ಫ್ರೆಂಚ್ ಹೆಸರನ್ನು ಲಿಂಗ ವಚನಗಳ ಸಹಿತ ಹೇಳತಕ್ಕದ್ದು. ದೊಡ್ಡದು, ಚಿಕ್ಕದು, ಹೊಸದು, ಹಳೆಯದು ಎಂಬ ಮಾತುಗಳನ್ನು ಆಯಾ ಹೆಸರಿಗೆ ಹೊಂದಿಸಿ ಹೇಳತಕ್ಕದ್ದು. ವಸ್ತುವನ್ನು ಮುಂದಿಟ್ಟು ಕೇಳತಕ್ಕದ್ದು. ಸರಿಯುತ್ತರ ಐವತ್ತಕ್ಕೆ ಕಡಮೆಯಾದಲ್ಲಿ ಸದರಿ ಕುಲುಮೆಯನ್ನು ಬೇರೆಯವರಿಗೆ ಕೊಟ್ಟು, ಆ ಸಂಸಾರವನ್ನು ದಂಡಿನ ಸಾಮಾನು ಬಂಡಿಗಳ ಹಿಂದೆ ರಿಪೇರಿ ಕೆಲಸಕ್ಕೆ ಕಳುಹಿಸತಕ್ಕದ್ದು.

ಮೊದಲ ಎರಡು ಕುಲುಮೆಗಳವರು ಫ್ರೆಂಚರ ಜೊತೆಯಲ್ಲೇ ಕರಾವಳಿಯಿಂದ ಬಂದವರು. ಅವರಿಗೆ ಆ ಭಾಷೆ ಅಂಗಡಿ ಮಾತಿನಷ್ಟು ಸಲೀಸು. ಆದುದರಿಂದ ಅಪ್ಪಣೆಯ ಭಾರವೆಲ್ಲ ನಾಗಮಂಗಲದ ಸಂಸಾರದ ಮೇಲೆ ಬಿತ್ತು. ಯಜಮಾನ, ಬೆಂಕಿಗೆ ಗಾಳಿಯೂದುವ ತಿದಿ ಒತ್ತುವ ಅವನ ಹೆಂಡತಿ, ಸಮ್ಮಟಿಯೆಂಬ ದೊಡ್ಡ ಸುತ್ತಿಗೆ ಬೀಸುವ ತಮ್ಮ, ಕುಲುಮೆಯ ಹಿಂದಿನ ಗುಡಿಸಲಿನಲ್ಲಿ ಸೊಂಟ ಬಿದ್ದು ಮಲಗಿದ ತಾಯಿ. ನಾನು ಅಪ್ಪಣೆಯನ್ನು ಓದಿ ಹೇಳಿದಾಗ ಯಜಮಾನನು ಇಕ್ಕಳವನ್ನು ಕೆಳಗಿಟ್ಟನು.

"ನಾಗಮಂಗಲದಿಂದ ಇಲ್ಲಿಗ್ ಬರೋಕೇ ನಮ್ಮವ್ವ ಬಂಡೀಲಿ ಸತ್ತು ಬದುಕವ್ಳೆ ಸ್ವಾಮಿ," ಎಂದನು. "ದಂಡಿನ್ ಹಿಂದೆ ಹೋದ್ರೆ ಮಣ್ಣು ಮಾಡೋ ಜಾಗನೂ ನಮ್ ಕೈಲಿರಾಕಿಲ್ಲ. ನೀವು ಅದೇನ್ ಕಲಿಸ್ತೀರೋ ಕಲಿಸ್ಬುಡಿ."

ಕಲಿಸುವ ಮೊದಲು ನಾನು ಕಲಿಯಬೇಕಾಗಿತ್ತು. ದುಭಾಷಿಯ ಬಳಿಗೆ ಹೋದೆನು. ಅವನ ಹೆಗಲ ಮೇಲೆ ಜರಿಯಂಚಿನ ವಸ್ತ್ರವಿತ್ತು. ತಲೆಯೊಳಗೆ ಅಷ್ಟು ಬೆಲೆಬಾಳುವುದೇನೂ ಇರಲಿಲ್ಲ. ನಿಯಮವೇನೆಂದು ಕೇಳಿದ್ದಕ್ಕೆ ಅವನು ವೀಳ್ಯವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಭಾರವಾದದ್ದು, ಬಲವಾದದ್ದು, ಹೊಡೆಯುವಂಥದ್ದು ಗಂಡು, ಹಗುರವಾದದ್ದು, ಮೆತ್ತಗಿರುವುದು, ಹೊಡೆಸಿಕೊಳ್ಳುವಂಥದ್ದು ಹೆಣ್ಣು ಎಂದನು. ಕೇಳುವುದಕ್ಕೆ ಶಾಸ್ತ್ರದಂತೆಯೇ ಇತ್ತು. ನಾನು ಅಂದೇ ಕುಲುಮೆಯ ಅರವತ್ತು ವಸ್ತುಗಳನ್ನು ಎರಡು ಸಾಲಾಗಿ ವಿಂಗಡಿಸಿ, ಕರಿಯ ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಅಂದವಾಗಿ ಬರೆದು, ಮೇಸ್ತ್ರಿಗೆ ಓದಿ ತೋರಿಸಿದೆನು.

ಮೇಸ್ತ್ರಿಯು ಇಪ್ಪತ್ತಾರನ್ನು ಒಪ್ಪಿದನು. ಉಳಿದ ಮೂವತ್ತನಾಲ್ಕಕ್ಕೆ ನಕ್ಕನು. ಕುಲುಮೆಯಲ್ಲಿ ಎಲ್ಲಕ್ಕಿಂತ ಭಾರವಾದದ್ದು ಅಡಿಗಲ್ಲು, ಕಾದ ಕಬ್ಬಿಣವನ್ನು ಮೇಲಿಟ್ಟು ಬಡಿಯುವ ಉಕ್ಕಿನ ಗಟ್ಟಿ. ನಾಲ್ವರು ಸೇರಿದರೂ ಅಲುಗದು. ಅದು ಹೆಣ್ಣಂತೆ. ತೊಗಲಿನ ತಿದಿ ಗಂಡಂತೆ. ಉಜ್ಜಿ ಉಜ್ಜಿ ಕಬ್ಬಿಣವನ್ನೇ ತಿನ್ನುವ ಅರ ಹೆಣ್ಣು, ಗರಗಸ ಹೆಣ್ಣು, ಚಕ್ರ ಹೆಣ್ಣು, ಆ ಚಕ್ರವನ್ನು ಹೊತ್ತ ಅಚ್ಚು ಗಂಡು. ಅಡಿಗಲ್ಲು ಏಕೆ ಹೆಣ್ಣೆಂದು ದುಭಾಷಿಯ ಮೂಲಕ ಕೇಳಿಸಿದೆನು. ಅದು ಹಾಗಿದೆ, ಎಂದು ಉತ್ತರ ಬಂದಿತು. ನಮ್ಮಲ್ಲಿ ಎಮ್ಮೆ ಕಾಯುವವನೂ ಜೀವವಿಲ್ಲದ್ದನ್ನು 'ಅದು' ಎಂದು ಕರೆದು ಸುಮ್ಮನಾಗುತ್ತಾನೆ. ಸಮುದ್ರ ದಾಟಿ ಬಂದ ಈ ಪಂಡಿತರಿಗೆ ಅಷ್ಟು ಸಾಲದೆ ಹೋಯಿತು.

ವಚನದ ವಿಷಯದಲ್ಲಿ ಅವರ ಅವ್ಯವಸ್ಥೆ ಇನ್ನೂ ಹೆಚ್ಚಿನದು. ನಾವು 'ಗಳು' ಎಂದು ಸೇರಿಸಿದರೆ ಕಿವುಡನಿಗೂ ಹಲವೆಂದು ತಿಳಿಯುತ್ತದೆ. ಅವರು ಹೆಸರಿನ ಕೊನೆಗೆ ಒಂದು ಅಕ್ಷರವನ್ನು ಬರೆಯುತ್ತಾರೆ. ಬರೆದು, ಅದನ್ನು ಉಚ್ಚರಿಸುವುದಿಲ್ಲ. ಒಂದು ಸುತ್ತಿಗೆಯೂ 'ಮಾರ್ತೊ', ನೂರು ಸುತ್ತಿಗೆಯೂ 'ಮಾರ್ತೊ'. ಮುಂದಿನ 'ಲೇ' ಎಂಬುದೊಂದೇ ಆಧಾರ. ಉಚ್ಚರಿಸದ ಅಕ್ಷರಕ್ಕೆ ಮಸಿ ಖರ್ಚು ಮಾಡುವ ರಾಜ್ಯದ ಬೊಕ್ಕಸದ ಗತಿಯೇನೆಂದು ನಾನು ಆಗಾಗ್ಗೆ ಯೋಚಿಸಿದ್ದುಂಟು.

ಇದರ ಮೇಲೆ ಹೊಂದಿಸುವ ಕಾಟ. ಹೊಸದು ಎಂಬುದು ಸುತ್ತಿಗೆಗಾದರೆ 'ನೆಫ್', ಅರಕ್ಕಾದರೆ 'ನೆವ್'. ದೊಡ್ಡದು ಎಂಬುದು ಒಂದಕ್ಕೆ 'ಗ್ರಾಂ', ಇನ್ನೊಂದಕ್ಕೆ 'ಗ್ರಾಂದ್'. ಹೆಸರು ಹೆಣ್ಣಾದರೆ ಅದರ ಬೆನ್ನಿಗೆ ಬರುವ ಗುಣವೂ ಸೀರೆ ಉಟ್ಟು ಬರಬೇಕು. ಹೆಸರು ಸ್ವರದಿಂದ ಆರಂಭವಾದಲ್ಲಿ ಮುಂದಿನ ಗುರುತು ಅರ್ಧ ನುಂಗಿಹೋಗಿ, ಗಂಡೋ ಹೆಣ್ಣೋ ಎಂಬುದು ಆ ಗುಣದ ಮಾತಿನಿಂದಲೇ ತಿಳಿಯಬೇಕು. ಬಂಡಿಯ ಅಚ್ಚಿನ ವಿಷಯದಲ್ಲಂತೂ ಹಳೆಯದು ಎಂಬ ಮಾತು ಗಂಡಿನ ಮುಂದೆಯೇ ಹೆಣ್ಣಿನ ದನಿಯಲ್ಲಿ ಬರುತ್ತದೆ. ಇದನ್ನು ಮೇಸ್ತ್ರಿ ವಿವರಿಸುವಾಗ ದುಭಾಷಿಗೂ ತಿಳಿಯದೆ, ತಿಳಿದವನಂತೆ ತಲೆಯಾಡಿಸಿದನು.

ಇಷ್ಟನ್ನೂ ಹತ್ತು ದಿನ ಕಷ್ಟಪಟ್ಟು ತಿದ್ದಿಕೊಂಡು ಕಡತವನ್ನು ಕುಲುಮೆಗೆ ಒಯ್ದೆನು. ಸಂಜೆ ಬೆಂಕಿ ಇಳಿಸಿದ ಮೇಲೆ ಒಂದೊಂದೇ ಪದವನ್ನು ಹೇಳಿಕೊಟ್ಟು, ಅವರಿಂದ ಹೇಳಿಸುವುದು ನನ್ನ ಕ್ರಮ. ಮಠದಲ್ಲಿ ನಾನು ಕಲಿತದ್ದೂ ಹಾಗೆಯೇ. ಮೊದಲ ಸಂಜೆಯೇ ಸಮ್ಮಟಿಯ ತಮ್ಮನು ನಗಲಾರಂಭಿಸಿದನು.

"ಲಾ ಅಂದ್ರೆ ಹೆಣ್ಣಾ ಸ್ವಾಮಿ? ನಮ್ಮೂರ ಬೀದೀಲಿ ನಿಂತ್ಕಂಡು ಲಾ ಅಂದ್ ನೋಡಿ, ತಿರುಗಿ ನೋಡೋರೆಲ್ಲ ಗಂಡಸ್ರೇಯ."

"ಸುಮ್ಕಿರ್ಲಾ ಲೇ," ಎಂದನು ಅಣ್ಣ.

"ನೀನೇ ಒಂದೇ ಮಾತಲ್ಲಿ ಎರಡು ಪಾಠ ಒಪ್ಪಿಸ್ಬುಟ್ಟೆ ಕಣಣ್ಣ," ಎಂದನು ತಮ್ಮ.

ನಗು ಬೇಗ ಮುಗಿಯಿತು. ತಿರುಪು ಮೊಳೆಯ ಸರದಿ ಬಂದ ದಿನ ಯಜಮಾನನು ಬಾಯಿ ತೆರೆಯಲೊಲ್ಲದೆ ಕೂತನು. ಇವರ ಕಸಬಿನಲ್ಲಿ ಒಂದರೊಳಗೊಂದು ಕೂರುವ ಭಾಗಗಳಲ್ಲಿ ಒಳಹೋಗುವುದು ಗಂಡು, ಹಿಡಿದುಕೊಳ್ಳುವುದು ಹೆಣ್ಣು. ಇದು ಬಡಗಿಗೂ ಕಮ್ಮಾರನಿಗೂ ತಾತನ ಕಾಲದಿಂದ ಬಂದ ಮಾತು. ಫ್ರೆಂಚರಲ್ಲಿ ತಿರುಪು ಹೆಣ್ಣು, ಅದು ಕೂರುವ ತೂತಿನ ಬಿಲ್ಲೆ ಗಂಡು. ಇದನ್ನು ಬಾಯಿಬಿಟ್ಟು ಹೇಳಿದರೆ ನಾಗಮಂಗಲದಲ್ಲಿ ತನಗೆ ಹೆಣ್ಣು ಕೊಟ್ಟವರ ಎದುರು ಹೋಗುವುದು ಹೇಗೆಂಬುದು ಅವನ ತಕರಾರು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಆ ಭಾಷೆಯ ಮೇಲೆ.

ಇಪ್ಪತ್ತೆರಡು ದಿನಗಳು ಕಳೆದವು. ಯಜಮಾನನಿಗೆ ಬಂದ ಪದಗಳು ಹನ್ನೊಂದು. ಅವುಗಳಲ್ಲಿ ಲಿಂಗ ಸರಿಯಿದ್ದದ್ದು ಆರು. ನನಗೆ ಸಿಟ್ಟೂ ಭಯವೂ ಒಟ್ಟಿಗೆ ಆಗಿ, ನೀನು ಮನಸ್ಸಿಟ್ಟು ಕೇಳುತ್ತಿಲ್ಲ ಎಂದು ಗದರಿದೆನು. ಅದಕ್ಕೆ ಅವನ ಹೆಂಡತಿ ತಿದಿಯ ಬಳಿಯಿಂದ ಉತ್ತರ ಕೊಟ್ಟಳು.

"ಕೇಳೋದು ಅಂದ್ರೇನು ಸ್ವಾಮೇರೆ? ನಾನ್ ಈ ಮನೆಗ್ ಬಂದು ಹದ್ನೈದು ವರ್ಸ ಆಯ್ತು. ಬೆಂಕಿ ಉರೀತಿರೋವಾಗ ಈಯಪ್ಪ ನಂಗಾಗ್ಲಿ ತಮ್ಮುಂಗಾಗ್ಲಿ ಬಾಯಲ್ಲಿ ಒಂದ್ ಮಾತು ಯೋಳಿದ್ದಿಲ್ಲ. ಇವ್ರ್ ಬಾಯಿ ಉಣ್ಣಾಕೆ ಮಾತ್ರ."

ಈ ಕುಚೋದ್ಯವನ್ನು ನಾನು ಅಂದು ಗಣನೆಗೆ ತೆಗೆದುಕೊಳ್ಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಕೆಲಸದ ಲೆಕ್ಕ ಬರೆಯಲು ಕುಲುಮೆಯ ಬಾಗಿಲಲ್ಲಿ ಕೂತಿದ್ದಾಗ, ಆರು ತಿಂಗಳಿಂದ ಕಣ್ಣಿಗೆ ಬೀಳುತ್ತಿದ್ದುದನ್ನು ಮೊದಲ ಸಲ ನೋಡಿದೆನು. ಯಜಮಾನನ ಬಲಗೈಯಲ್ಲಿ ಒಂದು ಚಿಕ್ಕ ಸುತ್ತಿಗೆ ಇರುತ್ತದೆ. ಬಡಿಯುವ ಕೆಲಸ ಅದರದಲ್ಲ; ಬಡಿಯುವವನು ತಮ್ಮ. ಚಿಕ್ಕ ಸುತ್ತಿಗೆ ಕಾದ ಕಬ್ಬಿಣದ ಯಾವ ಜಾಗವನ್ನು ಮುಟ್ಟುತ್ತದೆಯೋ ಆ ಜಾಗಕ್ಕೆ ಸಮ್ಮಟಿ ಬೀಳುತ್ತದೆ. ಮೆಲ್ಲಗೆ ಮುಟ್ಟಿದರೆ ಹಗುರ ಏಟು, ಒತ್ತಿ ಮುಟ್ಟಿದರೆ ಭಾರದ ಏಟು. ಬರಿಯ ಅಡಿಗಲ್ಲಿಗೆ ಒಮ್ಮೆ ತಟ್ಟಿದರೆ ನಿಲ್ಲಿಸು. ಎರಡು ಸಲ ತಟ್ಟಿದರೆ ತಿದಿ ಒತ್ತು, ಮತ್ತೆ ಕಾಯಿಸಬೇಕು. ಒಂದು ಹಗಲಿಗೆ ಸಾವಿರ ಅಪ್ಪಣೆ ಹೊರಡುತ್ತಿದ್ದವು, ಒಂದೂ ತಪ್ಪಾಗಿ ತಲಪುತ್ತಿರಲಿಲ್ಲ. ನಮ್ಮ ಕಚೇರಿಯ ಬಗ್ಗೆ ಅಷ್ಟು ಹೇಳಲಾಗದು.

ಅಂದೇ ನಾನು ಕಡತದ ಬರವಣಿಗೆಯನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದೆನು. ಹತ್ತು ದಿನಗಳ ತಿದ್ದುಪಡಿ ಅದರಲ್ಲಿತ್ತು. ಪದಗಳು ನನ್ನ ತಲೆಯಲ್ಲಿದ್ದವು. ದಾರೋಗರು ಕಡತ ತೋರಿಸೆಂದರೆ ತೋರಿಸಲು ಏನೂ ಉಳಿಯಲಿಲ್ಲ. ಆಮೇಲೆ ಯಜಮಾನನನ್ನು ಅಡಿಗಲ್ಲಿನ ಮುಂದೆ ನಿಲ್ಲಿಸಿ ಕೇಳಿದೆನು: ನಡುವೆ ತಟ್ಟಿದರೂ ಅಂಚಿಗೆ ತಟ್ಟಿದರೂ ಸದ್ದು ಒಂದೇಯೋ? ಅವನು ನನ್ನನ್ನು ಮರುಕದಿಂದ ನೋಡಿ, ಎರಡನ್ನೂ ತಟ್ಟಿ ತೋರಿಸಿದನು. ನಡುವೆ ಮೊದ್ದು ಸದ್ದು. ಅಂಚಿನಲ್ಲಿ ಗಂಟೆಯಂತೆ ತೆಳುವಾದ ಸದ್ದು.

ಇದರ ಮೇಲೆ ಕ್ರಮವನ್ನು ಹೀಗೆ ಗೊತ್ತುಮಾಡಿದೆವು. ಗಂಡು ಹೆಸರನ್ನು ಹೇಳುವಾಗ ಚಿಕ್ಕ ಸುತ್ತಿಗೆ ನಡುವೆ ಬೀಳಬೇಕು. ಹೆಣ್ಣು ಹೆಸರಿಗೆ ಅಂಚಿನಲ್ಲಿ. ಒಂದಾದರೆ ಒಂದು ಏಟು, ಹಲವಾದರೆ ಜೋಡಿ ಏಟು. ಬೆನ್ನಿಗೆ ಬರುವ ಹೊಸದು, ದೊಡ್ಡದು ಎಂಬ ಮಾತಿಗೂ ಒಂದು ಏಟಿದೆ. ಅದನ್ನು ಎಲ್ಲಿ ಹಾಕಬೇಕೆಂದು ಯಜಮಾನ ಕೇಳಿದನು. ಹೆಸರಿಗೆ ಬಿದ್ದ ಜಾಗಕ್ಕೇ ಎಂದೆನು.

"ಅಂದ್ರೆ ಎರಡನೇ ಏಟು ಮೊದಲ್ನೇ ಏಟಿನ್ ಮ್ಯಾಲೇ ಬೀಳ್ಬೇಕು," ಎಂದನು ಅವನು. "ಅಷ್ಟೇ ತಾನೇ? 'ಜಾಗ ತಪ್ಪಿಸ್ಬ್ಯಾಡ' ಅನ್ನೋಕೆ ಇಪ್ಪತ್ತೆರಡು ದಿನ ತಕೊಂಡ್ರಾ ಸ್ವಾಮಿ."

ಅಂದಿನಿಂದ ಪಾಠವು ಬೆಂಕಿ ಉರಿಯುವಾಗಲೇ ನಡೆಯಿತು. ಕಬ್ಬಿಣ ಕಾಯುವವರೆಗೆ ಬಿಡುವಿರುತ್ತದೆ. ಆ ಬಿಡುವಿನಲ್ಲಿ ಹೆಂಡತಿ ತಿದಿ ಒತ್ತುತ್ತ ಒಂದು ವಸ್ತುವಿನ ಕನ್ನಡ ಹೆಸರು ಕೂಗುವಳು, ಅವನು ತಟ್ಟಿ ಫ್ರೆಂಚಿನಲ್ಲಿ ಹೇಳುವನು. ಹೊಸ ಅರ: ಅಂಚಿಗೊಂದು, ಅಂಚಿಗೊಂದು; ಲಾ ಲೀಮ್ ನೆವ್. ಹೊಸ ಸುತ್ತಿಗೆ: ನಡುವಿಗೊಂದು, ನಡುವಿಗೊಂದು, ಲ ಮಾರ್ತೊ ನೆಫ್. ದನಿ ಒಂದು ರೀತಿಯಿದ್ದು ಲಿಂಗ ಇನ್ನೊಂದು ರೀತಿಯಿರುವ ಬಂಡಿಯ ಅಚ್ಚನ್ನೂ ಅವನ ಕೈ ಎರಡೇ ದಿನದಲ್ಲಿ ಒಗ್ಗಿಸಿಕೊಂಡಿತು. ತಿರುಪಿನ ವಿಷಯದಲ್ಲಿ ಕೂಡ ತಕರಾರು ತೀರಿತು. ಹೆಣ್ಣೆಂದು ಬಾಯಲ್ಲಿ ಒಪ್ಪಬೇಕಾಗಿಲ್ಲ, ಅಂಚಿಗೆ ತಟ್ಟಿದರಾಯಿತು. ಮಂಡಲಕ್ಕೆ ಆರು ದಿನ ಉಳಿದಿರುವಾಗ ಅರವತ್ತಕ್ಕೆ ಅರವತ್ತೂ ಸರಿಬಂದವು. ದುಭಾಷಿಯನ್ನು ಕರೆತಂದು ಕೇಳಿಸಿದೆನು. ಅವನ ಬಾಯಲ್ಲಿ ವೀಳ್ಯ ಅಲುಗಲಿಲ್ಲ. ಆ ಕ್ಷಣದ ಸಂತೋಷವನ್ನು ಮರೆಮಾಚುವುದು ಸುಳ್ಳಾಗುತ್ತದೆ. ಈ ಕ್ರಮದ ಹೆಸರಿನಲ್ಲಿ ನನಗೆ ಪಟ್ಟಣದ ಹುಜೂರ್ ಕಚೇರಿಯಲ್ಲಿ ಜಾಗ ಸಿಗಬಹುದೆಂದು ಅಂದು ನಾನು ಲೆಕ್ಕ ಹಾಕಿದ್ದೆನು.

ಪರೀಕ್ಷೆಯನ್ನು ದಾರೋಗರ ಕಚೇರಿಯಲ್ಲಿ ಇಡಲಾಯಿತು. ನಾವಿಬ್ಬರೂ ಕೋಳಿ ಕೂಗುವಾಗ ಹೊರಟು, ಹೊಳೆ ದಾಟಿ ಪಟ್ಟಣ ಸೇರಿದೆವು. ಕಚೇರಿಯ ಬಾಗಿಲಲ್ಲಿ ಪಹರೆಯವನು ಯಜಮಾನನ ಸೊಂಟದಿಂದ ಚಿಕ್ಕ ಸುತ್ತಿಗೆಯನ್ನು ತೆಗೆದಿಟ್ಟುಕೊಂಡನು. ಸಾಹೇಬರ ಸಮ್ಮುಖಕ್ಕೆ ಕಬ್ಬಿಣ ಒಯ್ಯಕೂಡದೆಂಬುದು ಹಳೆಯ ಕಟ್ಟಳೆ. ಆ ಕಟ್ಟಳೆಯ ಪ್ರತಿಯನ್ನೂ ಒಮ್ಮೆ ನಾನೇ ಬರೆದಿದ್ದೆನು. ಆದರೂ ನನಗೆ ಏನೂ ಹೊಳೆಯಲಿಲ್ಲ.

ಒಳಗೆ ದಾರೋಗರು ದಿಂಬಿಗೊರಗಿ, ಮೇಸ್ತ್ರಿ ಕುರ್ಚಿಯಲ್ಲಿ, ದುಭಾಷಿ ನಿಂತು. ದುಭಾಷಿಯು ಮೊದಲ ಪ್ರಶ್ನೆ ಕೇಳಿದನು: ಅರ, ಹೊಸದು, ಎರಡು. ಯಜಮಾನನ ಬಲಗೈ ಮೇಲೆದ್ದಿತು. ಎದುರಿಗೆ ಅಡಿಗಲ್ಲಿಲ್ಲದೆ ಹಾಗೆಯೇ ಇಳಿಯಿತು. ಮುಂದಿನ ಪ್ರಶ್ನೆಗೆ ಬಗ್ಗಿ ಬೆರಳಿನ ಗೆಣ್ಣಿನಿಂದ ನೆಲ ತಟ್ಟಿದನು. ನೆಲದ ಮೇಲೆ ಜಮಖಾನೆ ಹಾಸಿತ್ತು. ಎಲ್ಲಿ ತಟ್ಟಿದರೂ ಒಂದೇ ಸದ್ದು, ಅಂದರೆ ಸದ್ದೇ ಇಲ್ಲ. ಏಳು ಪ್ರಶ್ನೆಗಳಾದವು. ಒಂದಕ್ಕೂ ಉತ್ತರ ಬರಲಿಲ್ಲ. ಮೇಸ್ತ್ರಿಯು ಕುರ್ಚಿಯಲ್ಲಿ ಕೂತಂತೆಯೇ ಬೆನ್ನು ತಿರುಗಿಸುವ ಉಪಾಯವನ್ನು ಕಂಡುಕೊಂಡನು.

"ಒಂದ್ ಮಂಡಲ ಕಲಿಸಿದ್ದು ಇದೇನಾ?" ಎಂದರು ದಾರೋಗರು ನನ್ನ ಕಡೆಗೆ. "ಎತ್ತಿಗೆ ಕಲಿಸಿದ್ರೆ ತಲೆಯಾದ್ರೂ ಆಡಿಸ್ತಿತ್ತು. ಬರ್ಕೋ. ಉತ್ತರ ಇಲ್ಲ. ಸೋಮವಾರದಿಂದ ಕುಲುಮೆ ಖಾಲಿ."

ತಪ್ಪು ನನ್ನದೆಂಬುದು ಆಗ ತಿಳಿಯಿತು. ಕುಲುಮೆಯ ಹೊರಗೆ ಒಯ್ಯಲಾಗದ ವಿದ್ಯೆಯನ್ನು ನಾನು ಕಲಿಸಿದ್ದೆನು. ಲೇಖನಿಯನ್ನು ಮಸಿಯಲ್ಲಿ ಅದ್ದಿದ್ದೂ ಆಗಿತ್ತು. ಯಜಮಾನನು ನನ್ನ ಕೈಯನ್ನೇ ನೋಡುತ್ತಿದ್ದನು. ಹನ್ನೆರಡು ವರ್ಷಗಳ ಚಾಕರಿಯಲ್ಲಿ ಬರೆ ಎಂದದ್ದನ್ನು ನಾನು ಬರೆಯದೆ ಬಿಟ್ಟಿರಲಿಲ್ಲ. ಅಂದು ಲೇಖನಿಯನ್ನು ಕೆಳಗಿಟ್ಟು, ಕಟ್ಟಿನಿಂದ ಅಪ್ಪಣೆಯ ಪ್ರತಿಯನ್ನು ತೆಗೆದು ಓದಿದೆನು: "ವಸ್ತುವನ್ನು ಮುಂದಿಟ್ಟು ಕೇಳತಕ್ಕದ್ದು." ತರುವಾಯ ಈ ಪ್ರಕಾರ ಅರಿಕೆ ಮಾಡಿಕೊಂಡೆನು: ಸಮ್ಮುಖಕ್ಕೆ ಕಬ್ಬಿಣ ತರಕೂಡದೆಂಬ ಕಟ್ಟಳೆ ಇರುವುದರಿಂದ ಯಾವ ವಸ್ತುವನ್ನೂ ಮುಂದಿಡಲಾಗಿಲ್ಲ, ಆದುದರಿಂದ ಹುಜೂರವರ ಅಪ್ಪಣೆಯ ಪ್ರಕಾರ ಪರೀಕ್ಷೆ ಇನ್ನೂ ನಡೆದೇ ಇಲ್ಲವೆಂದಾಗುತ್ತದೆ, ವಸ್ತುಗಳು ಇರುವ ಜಾಗ ಹಿರೋಡೆಯ ಕುಲುಮೆ.

ದಾರೋಗರು ಆ ಪ್ರತಿಯನ್ನು ತರಿಸಿಕೊಂಡು ಕೆಳಗಿದ್ದ ತಮ್ಮ ಮೊಹರನ್ನು ನೋಡಿದರು. ತಮ್ಮ ಮೊಹರಿನ ವಿರುದ್ಧ ತಾವೇ ಮಾತಾಡುವುದು ಅಧಿಕಾರಿಗಳಿಗೆ ಆಗದ ಕೆಲಸ. ನಾನು ನಂಬಿದ್ದು ಅದೊಂದನ್ನೇ.

"ಬರೆಯೋಕೆ ಕೂತೋನು ಓದೋಕೆ ಶುರು ಮಾಡಿದ," ಎಂದರು. "ಐದನೇ ದಿನ ಚಕ್ರ ನೋಡೋಕೆ ನಾನೇ ಅಲ್ಲಿಗೆ ಬರ್ತೀನಿ. ಅಲ್ಲೂ ಇದೇ ತಮಾಷೆ ಆದ್ರೆ ಇವನ ಬಂಡಿ ಹಿಂದೆ ನೀನೂ ನಡೀತೀಯ. ದಂಡಿಗೆ ಬರವಣಿಗೆಯವನೂ ಬೇಕು."

ಹಿಂತಿರುಗುವಾಗ ಯಜಮಾನನು ಹೊಳೆ ದಾಟಿದ ಮೇಲೆ, "ಕೈ ಇಲ್ದೆ ಬಾಯಿ ಬರಾಕಿಲ್ಲ ಸ್ವಾಮಿ, ನಾ ಏನ್ ಮಾಡ್ಲಿ," ಎಂದನು.

ಐದನೆಯ ದಿನ ದಾರೋಗರು ಕುದುರೆಯ ಮೇಲೆ ಬಂದರು. ಕುಲುಮೆಯ ಮುಂದೆ ಅವರಿಗೆ ಚಾಪೆ ಹಾಸಿ, ಅರವತ್ತು ವಸ್ತುಗಳನ್ನು ಸಾಲಾಗಿ ಇಟ್ಟಿದ್ದೆವು. ಬೇಲಿಗೆ ಕಟ್ಟಿದ ಮೇಸ್ತ್ರಿಯ ಎರಡು ಕುದುರೆಗಳೂ ಲೆಕ್ಕದಲ್ಲಿ ಸೇರಿದ್ದವು. ಬೆಂಕಿ ಉರಿಯುತ್ತಿತ್ತು, ಹೆಂಡತಿ ತಿದಿಯ ಬಳಿ, ತಮ್ಮ ಸಮ್ಮಟಿ ಹಿಡಿದು ನಿಂತಿದ್ದರು. ಅಡಿಗಲ್ಲು ಏಕೆಂದು ದಾರೋಗರು ಕೇಳಲಿಲ್ಲ. ಕಮ್ಮಾರನ ಮುಂದೆ ಅಡಿಗಲ್ಲು ಇರುವುದು ಕಚೇರಿಯವರ ಕಣ್ಣಿಗೂ ಸಹಜವಾಗಿ ಕಂಡಿತು.

ದುಭಾಷಿಯು ಒಂದೊಂದೇ ವಸ್ತುವನ್ನು ತೋರಿಸಿ ಕೇಳಿದನು. ಯಜಮಾನನು ತಟ್ಟಿ ಹೇಳಿದನು. ಒಂದು ಅರ, ಎರಡು ಅರ, ಹಳೆಯ ಚಕ್ರ, ದೊಡ್ಡ ಅಡಿಗಲ್ಲು. ಇಪ್ಪತ್ತಾಗುವ ಹೊತ್ತಿಗೆ ಮೇಸ್ತ್ರಿಯು ಗೋಡೆಗೆ ಒರಗುವುದನ್ನು ಬಿಟ್ಟು ನೆಟ್ಟಗೆ ನಿಂತನು. ಮೂವತ್ತಾಗುವಾಗ ಅವನ ಪಾದವೂ ಏಟಿನ ಜೊತೆ ಅಲುಗತೊಡಗಿತು. ಕುದುರೆಗಳ ಸರದಿಯಲ್ಲಿ ದುಭಾಷಿಯೇ ತಪ್ಪಿ ಒಂದರ ರೂಪವನ್ನು ಹಲವಕ್ಕೆ ಹೇಳಿದನು. ಯಜಮಾನನು ಜೋಡಿ ಏಟು ಹಾಕಿ, 'ಷೆವಾಲ್' ಅಲ್ಲ, 'ಷೆವೊ' ಎಂದು ತಿದ್ದಿದನು. ಮೇಸ್ತ್ರಿ ತೊಡೆ ತಟ್ಟಿಕೊಂಡು ನಕ್ಕನು. ಐವತ್ತು ದಾಟಿತು. ಐವತ್ತೆರಡನೆಯದು ಮುಗಿದಾಗ ಮೇಸ್ತ್ರಿಯು ದುಭಾಷಿಯ ಮೂಲಕ ದಾರೋಗರ ಕಿವಿಯಲ್ಲಿ ಏನೋ ಹೇಳಿಸಿದನು. ದಾರೋಗರ ಮುಖ ಅರಳಿತು.

"ಬಹುತ್ ಖೂಬ್," ಎಂದು ಅವರು ನನ್ನ ಕಡೆ ತಿರುಗಿದರು. "ಮೇಸ್ತ್ರಿ ಹೇಳ್ತಾನೆ, ಬರೋ ತಿಂಗಳು ದಂಡು ಹೊರಡೋವಾಗ ಅವರ ಜೊತೆ ಮಾತಾಡೋ ಕಮ್ಮಾರ ಒಬ್ಬ ಬೇಕೇ ಬೇಕಂತೆ. ಇವನೇ ಸರಿ. ಮನೆ ಮಂದಿನೆಲ್ಲ ಕರ್ಕೊಂಡು ಹೊರಡ್ಲಿ. ನೀನು ಪಟ್ಟಣಕ್ಕೆ ಬಾ, ಹುಜೂರ್ ಕಚೇರಿಗೆ ನಿನ್ನ ಹೆಸರು ಬರೀತೀನಿ."

ಕಲಿಯದಿದ್ದರೆ ದಂಡಿನ ಹಿಂದೆ, ಕಲಿತರೆ ದಂಡಿನ ಜೊತೆ. ಸರ್ಕಾರದ ಬುದ್ಧಿಯನ್ನು ಇಷ್ಟು ಹತ್ತಿರದಿಂದ ನಾನು ಅದುವರೆಗೆ ಕಂಡಿರಲಿಲ್ಲ. ತಿದಿಯ ಉಸಿರು ಒಮ್ಮೆ ನಿಂತು ಮತ್ತೆ ಆರಂಭವಾಯಿತು. ಯಜಮಾನನು ದಾರೋಗರನ್ನಾಗಲಿ ನನ್ನನ್ನಾಗಲಿ ನೋಡಲಿಲ್ಲ.

ದುಭಾಷಿಯು ಮುಂದಿನ ವಸ್ತುವನ್ನು ಎತ್ತಿ ಹಿಡಿದನು. ಹಳೆಯ ಗರಗಸ. ಅಂಚಿನ ಕಡೆಗೆ ಹೊರಟಿದ್ದ ಚಿಕ್ಕ ಸುತ್ತಿಗೆ ಗಾಳಿಯಲ್ಲಿ ಒಂದು ಗೇಣು ಸರಿದು ನಡುವೆ ಬಿದ್ದಿತು. "ಲ ಸೀ," ಎಂದನು ಯಜಮಾನ. ಹಳೆಯದು ಎಂಬ ಮಾತಿಗೆ ಅದೇ ಸುತ್ತಿಗೆ ಅಂಚಿಗೆ ಹೋಯಿತು. ಎರಡನೆಯ ಏಟು ಮೊದಲನೆಯದರ ಮೇಲೆ ಬೀಳಲಿಲ್ಲ. ಆ ಕೈ ಜಾಗ ತಪ್ಪಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವನ ತಮ್ಮನೂ ನೋಡಿರಲಿಲ್ಲವೆಂಬುದು ಸಮ್ಮಟಿಯ ಹಿಡಿ ಬಿಗಿದ ಅವನ ಬೆರಳುಗಳಿಂದ ತಿಳಿಯಿತು. ಮುಂದಿನದು ಮೊಳೆಗಳು: ಜೋಡಿ ಏಟಿಗೆ ಬದಲು ಒಂದೇ ಏಟು. ಅದರ ಮುಂದಿನದು ಸರಪಳಿ. ಅದೂ ತಪ್ಪು. ಮೇಸ್ತ್ರಿಯ ನಗು ಆರಿತು. ಐದನೆಯ ತಪ್ಪಿಗೆ ಅವನು ತನ್ನ ಹಳೆಯ ಪದ್ಧತಿಯಂತೆ ಬೆನ್ನು ತಿರುಗಿಸಿದನು.

"ಇವ್ನಿಗೆ ಏನಾಯ್ತು?" ಎಂದು ದಾರೋಗರು ನನ್ನನ್ನು ಕೇಳಿದರು.

ಇನ್ನೊಮ್ಮೆ ಕೇಳಿರೆಂದು ನಾನು ಹೇಳಬಹುದಾಗಿತ್ತು. ನನ್ನ ಕ್ರಮದ ಮೇಲೆ ನನಗಿದ್ದ ಹೆಮ್ಮೆ ಅದನ್ನೇ ಹೇಳೆಂದು ಒತ್ತಾಯಿಸುತ್ತಿತ್ತು. ಹಿಂದಿನ ಗುಡಿಸಲಿನಲ್ಲಿ ಮುದುಕಿ ಕೆಮ್ಮುವುದು ಕೇಳಿಸುತ್ತಿತ್ತು.

"ಕಲಿತದ್ದು ಅಷ್ಟೇ, ಹುಜೂರ್," ಎಂದೆನು. "ಮೊದಲಿನವು ಬಾಯಿಪಾಠ. ಕೊನೆಯವಕ್ಕೆ ಕಾಲ ಸಾಲಲಿಲ್ಲ. ಇವನ ಬುದ್ಧಿ ಅಷ್ಟಕ್ಕಷ್ಟೇ."

"ಕಲಿಸಿದೋನ ಬುದ್ಧಿಯೂ," ಎಂದರು ದಾರೋಗರು.

ಎಂಟಕ್ಕೆ ಎಂಟೂ ತಪ್ಪಾದವು. ಗೊತ್ತಿಲ್ಲದವನಿಗೆ ಒಂದೆರಡಾದರೂ ಅಕಸ್ಮಾತ್ತಾಗಿ ಸರಿಹೋಗಬೇಕಾಗಿತ್ತು. ಅದನ್ನು ಗಮನಿಸುವಷ್ಟು ಚುರುಕು ಅಲ್ಲಿದ್ದ ಅಧಿಕಾರಿಗಳಲ್ಲಿ ಯಾರಿಗೂ ಇರಲಿಲ್ಲ. ದಂಡಿನ ಜೊತೆಗೆ ಮೊದಲ ಕುಲುಮೆಯವರನ್ನು ಕಳುಹಿಸುವುದೆಂದು ಅಲ್ಲಿಯೇ ತೀರ್ಮಾನವಾಯಿತು; ಅವರು ಆ ಫ್ರೆಂಚರ ಜೊತೆಯಲ್ಲೇ ಊರೂರು ತಿರುಗಿ ಬದುಕಿದವರು, ಸಂತೋಷದಿಂದ ಒಪ್ಪಿದರು. ನಾನು ಕಾಗದದಲ್ಲಿ ಬರೆದದ್ದು ಇಷ್ಟು: ಐವತ್ತೆರಡು ಸರಿ, ಎಂಟು ತಪ್ಪು, ಕಲಿಕೆ ಸಾಧಾರಣ, ಐವತ್ತಕ್ಕೆ ಕಡಮೆಯಿಲ್ಲದ್ದರಿಂದ ಕುಲುಮೆಯನ್ನು ಹಾಲಿ ಸಂಸಾರದ ಕೈಯಲ್ಲೇ ಉಳಿಸಬಹುದು. ದಾರೋಗರು ಓದದೆ ಮೊಹರು ಒತ್ತಿದರು. ಹುಜೂರ್ ಕಚೇರಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕುದುರೆಗಳು ಬಂಡೆಯ ಆಚೆಗೆ ಮರೆಯಾದ ಮೇಲೆ ನಾನು ಲೇಖನಿ ಒರೆಸುತ್ತ ಕೂತಿದ್ದೆನು. ಯಜಮಾನನ ಹೆಂಡತಿ ಒಂದು ಚೊಂಬು ಮಜ್ಜಿಗೆ ತಂದು ನನ್ನ ಪಕ್ಕದಲ್ಲಿಟ್ಟು ತಿದಿಯ ಬಳಿಗೆ ಹೋದಳು. ಗುಡಿಸಲಿನ ಒಳಗಿನಿಂದ ಮುದುಕಿಯ ದನಿ ಬಂದಿತು.

"ಏನಾಯ್ತ್ಲಾ ಮಗ? ಬಂಡಿ ಹೂಡ್ತಾವ್ರಾ?"

"ಇಲ್ಲ ಕಣವ್ವ," ಎಂದನು ಯಜಮಾನ. "ಮಲಕ್ಕೋ."